ತತ್ತಿಯೂ ದಂಡೆಯೂ

'ಬಸವ' ಎಂಬುದು 'ವೃಷಭ' ಶಬ್ದದ ತದ್ಭವ. ತಲೆಯ ಮೇಲೆ ಕೊಂಬುಗಳನ್ನು ಚಾಚಿ, ಮನೆಯನ್ನೇ ಬೆನ್ನಿನಲ್ಲಿ ಹೊತ್ತು ಮೆಲ್ಲನೆ ಸಾಗುವ ಕಿರುಜೀವಿಯನ್ನು ಕನ್ನಡಿಗರು 'ಬಸವನಹುಳು' ಎಂದು ಕರೆದರು. ಒಕ್ಕಲಿನ ಕಣ್ಣು ಅಲ್ಪಪ್ರಾಣಿಯಲ್ಲಿಯೂ ಎತ್ತನ್ನು ಕಂಡಿತೆಂಬುದಕ್ಕೆ ಈ ಒಂದು ಪದವೇ ಸಾಕ್ಷಿ.

ಗುಬ್ಬಿಯ ಕಡೆಯ ರೈತನ ಮಗನೊಬ್ಬನು ಉಚಿತ ಪ್ರಸಾದನಿಲಯದಲ್ಲಿದ್ದು ಓದಿ, ತುಮಕೂರಿನಲ್ಲಿ ಉದ್ಯೋಗಸ್ಥನಾದನು. ಬಾಲ್ಯದಲ್ಲಿ ಕಡಲನ್ನು ಕಾಣದ ಆತನಿಗೆ ಕಡಲಿನ ಮೇಲೆ ಬಲು ಮೋಹ. ಮನೆಯಲ್ಲೊಂದು ಗಾಜಿನ ತೊಟ್ಟಿಯನ್ನಿರಿಸಿ, ಲೀಟರು ನೀರಿಗೆ ಸುಮಾರು 35 ಗ್ರಾಂ ಕಡಲುಪ್ಪು ಬೆರೆಸಿ, 'ನೆರೈಟ್' ಜಾತಿಯ ಬಸವನಹುಳುಗಳನ್ನು ಸಾಕಿದನು. ನಮ್ಮ ಕರಾವಳಿಯ ಬಂಡೆಗಳ ಮೇಲೆಯೂ ವಾಸಿಸುವ ಕುಲವದು. ಕೆಲವು ದಿನಗಳಲ್ಲಿ ಗಾಜಿನ ಮೇಲೆ ಎಳ್ಳಿನ ಕಾಳುಗಳಂತೆ ಬಿಳಿಯ ತತ್ತಿಕೋಶಗಳು ಅಂಟಿಕೊಂಡವು. ಮನೆಮಂದಿಗೆಲ್ಲ ಸಂಭ್ರಮ. ತಿಂಗಳು ಕಳೆಯಿತು, ಕೋಶಗಳು ಬರಿದಾದವು, ಮರಿಯೊಂದೂ ಕಾಣಲಿಲ್ಲ. ಮತ್ತೆ ತತ್ತಿ, ಮತ್ತೆ ನಿರಾಶೆ. ನೊಂದ ಆತನು ತೊಟ್ಟಿಯನ್ನೇ ಬರಿದುಮಾಡಲು ಎದ್ದನು.

ಕುಣಿಗಲಿನಿಂದ ಬಂದಿದ್ದ ಅಜ್ಜಿ ಅದನ್ನು ನೋಡುತ್ತಿದ್ದರು. "ನಮ್ಮ ಕೆರೆ ಹುಳ ನೀರಿನಲ್ಲಿ ತತ್ತಿ ಇಡೋದಿಲ್ಲ ಕಣಪ್ಪ. ದಂಡೆ ಹತ್ತಿ ಹಸಿಮಣ್ಣಿನಲ್ಲಿ ಇಡುತ್ತೆ. ನಿನ್ನ ಹುಳಕ್ಕೆ ಏನು ಬೇಕು ಅಂತ ತಿಳಕೊಂಡೆಯಾ?" ಎಂದರು.

ಆ ಮಾತು ಆತನನ್ನು ನಾಟಿತು. ಕಾಲೇಜಿನ ಪ್ರಾಣಿಶಾಸ್ತ್ರದ ಪುಸ್ತಕವನ್ನು ಮತ್ತೆ ತೆರೆದನು. ಕೆರೆಗಳಲ್ಲಿರುವ ದೊಡ್ಡ ಬಸವನಹುಳು 'ಪೈಲ'. ಅದಕ್ಕೆ ಕಿವಿರೂ ಉಂಟು, ಶ್ವಾಸಕೋಶವೂ ಉಂಟು. ಮಳೆಗಾಲದಲ್ಲಿ ಹೆಣ್ಣು ನೀರನ್ನು ಬಿಟ್ಟು ಬಂದು, ದಂಡೆಯ ತೇವದ ಮಣ್ಣಿನ ಗುಳಿಯಲ್ಲಿ 200ರಿಂದ 800ರವರೆಗೆ ತತ್ತಿಗಳನ್ನಿಡುವುದು. ಅವುಗಳಿಂದ ಚಿಪ್ಪು ಹೊತ್ತ ಮರಿಗಳೇ ಹೊರಬರುವುವು. ನೆರೈಟಿನ ರೀತಿ ಬೇರೆ. ಅದರ ಕೋಶದಿಂದ ಹೊರಡುವುದು ಕಣ್ಣಿಗೆ ಕಾಣದ ಈಜುವ ಡಿಂಭ. ಅದು ವಾರಗಟ್ಟಲೆ ತೇಲುತ್ತ, ಸೂಕ್ಷ್ಮ ಪಾಚಿಯನ್ನುಂಡು ಬೆಳೆದ ಬಳಿಕವೇ ನೆಲೆಯೂರಬೇಕು. ಮನೆಯ ತೊಟ್ಟಿಯಲ್ಲಿ ಅದಕ್ಕೆ ಆ ಆಹಾರವಿಲ್ಲ. ನೀರನ್ನು ಶೋಧಿಸುವ ಯಂತ್ರವೂ ಅದನ್ನು ಸೆಳೆದುಕೊಳ್ಳುವುದು. ತಾಯಿ ತಪ್ಪಿರಲಿಲ್ಲ, ತತ್ತಿಯೂ ಬಂಜೆಯಾಗಿರಲಿಲ್ಲ. ನಡುವಣ ದಿನಗಳಲ್ಲಿ ಪೊರೆಯುವವರಿರಲಿಲ್ಲ.

ಪೂಜೆಯಲ್ಲಿ ಮೊಳಗುವ ಶಂಖವೂ ಇದೇ ಬಳಗದ ಕಡಲಜೀವಿಯ ಚಿಪ್ಪು. ಮದ್ರಾಸು ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ 1914ರಲ್ಲಿ ಅದನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದರು. ಶಂಖದ ತಾಯಿ ಟಗರಿನ ಕೊಂಬಿನಂತೆ ಸುತ್ತಿದ ಕೋಶಮಾಲೆಯನ್ನು ಮರಳಿನಲ್ಲಿ ನೆಡುವುದು; ಮರಿಗಳು ಅದರೊಳಗೇ ಬೆಳೆದು, ಚಿಪ್ಪು ಮೂಡಿದ ಮೇಲೆ ಹೊರಬರುವುವು.

ಆತನು ತೊಟ್ಟಿಯನ್ನು ಬರಿದುಮಾಡಲಿಲ್ಲ. ಮಳೆ ಬಿದ್ದ ಮೇಲೆ ಮಕ್ಕಳನ್ನು ಕುಣಿಗಲ್ ಕೆರೆಯಂಚಿಗೆ ಕರೆದೊಯ್ದು, ಹಸಿಮಣ್ಣಿನಲ್ಲಡಗಿದ ಬಿಳಿಯ ತತ್ತಿಗಳನ್ನು ಮುಟ್ಟದೆ ತೋರಿಸಿದನು. ಕೆರೆಯ ಅಂಚನ್ನೆಲ್ಲ ಕಲ್ಲುಗಾರೆಯಿಂದ ಮುಚ್ಚಿದರೆ ಆ ತಾಯಿಗೆ ತವರೆಲ್ಲಿ? ಮನೆಗೆ ಮರಳಿದ ಸಂಜೆ ಆತನು ಅಜ್ಜಿಗೆ ಹೇಳಿದ್ದು ಇಷ್ಟೇ: "ಅಜ್ಜಿ, ಪ್ರಸಾದನಿಲಯ ಇಲ್ಲದಿದ್ದರೆ ನಾನೂ ಆ ತೊಟ್ಟಿಯ ತತ್ತಿಯೇ ಆಗುತ್ತಿದ್ದೆ." ಅಜ್ಜಿ ಉತ್ತರಿಸಲಿಲ್ಲ, ಮೊಮ್ಮಗನ ತಲೆಯನ್ನು ನೇವರಿಸಿದರು.