ಬೇರಿಂಗ್ ಮನೆತನದ ಸಹಿ

ಬ್ಯಾಂಕು ಎಂದ ಕೂಡಲೇ ನಮಗೆ ನೆನಪಾಗುವುದು ಪಾಸ್‌ಬುಕ್ಕು, ಚಲನ್ನು, ಕೌಂಟರಿನ ಮುಂದಿನ ಸಾಲು. ಉಡುಪಿ ಕಡೆಯವರಾದರೆ ಪಿಗ್ಮಿಯನ್ನೂ ನೆನೆಯುತ್ತಾರೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಶುರು ಮಾಡಿದ್ದು ಅದು, ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಂಡು ಹೋಗುವ ಉಳಿತಾಯ. ನಾನು ಹೇಳಹೊರಟದ್ದು ಬೇರೊಂದು ಜಾತಿಯ ಬ್ಯಾಂಕಿನ ಕಥೆ. ಅದರ ಗಿರಾಕಿಗಳು ಸರ್ಕಾರಗಳು, ರೈಲ್ವೆ ಕಂಪನಿಗಳು, ದೊಡ್ಡ ವ್ಯಾಪಾರಸ್ಥರು. ದುಡ್ಡು ಬೇಕಾದವರ ಬಾಂಡನ್ನೂ ಷೇರನ್ನೂ ದುಡ್ಡಿದ್ದವರಿಗೆ ಮಾರಿಸಿಕೊಡುವುದು, ಮಾರಾಟವಾಗದೆ ಉಳಿದರೆ ‘ನಾನೇ ಕೊಳ್ಳುತ್ತೇನೆ’ ಎಂದು ಮೊದಲೇ ಮಾತು ಕೊಡುವುದು ಅದರ ಕಸುಬು. ಲಂಡನ್ನಿನ ಬೇರಿಂಗ್ಸ್ ಈ ಕಸುಬಿನ ಹಳೇ ಮನೆ. ಅದು ಬದುಕಿದ ರೀತಿಯೂ ಸತ್ತ ರೀತಿಯೂ ನನ್ನನ್ನು ಬಹಳ ಕಾಲದಿಂದ ಕಾಡಿವೆ.

ಜರ್ಮನಿಯ ಬ್ರೆಮೆನ್ನಿನಿಂದ ಇಂಗ್ಲೆಂಡಿನ ಎಕ್ಸೆಟರಿಗೆ ಬಂದು ಉಣ್ಣೆ ವ್ಯಾಪಾರ ಮಾಡಿದವನ ಮಗ ಫ್ರಾನ್ಸಿಸ್ ಬೇರಿಂಗ್ 1762ರಲ್ಲಿ ಅಣ್ಣನ ಜೊತೆ ಲಂಡನ್ನಿನಲ್ಲಿ ಅಂಗಡಿ ತೆರೆದ. ಅವನಿಗೆ ಚಿಕ್ಕಂದಿನಿಂದಲೂ ಕಿವಿ ಮಂದ. ವ್ಯವಹಾರವೆಲ್ಲ ಕಾಗದದ ಮೇಲೆಯೇ ನಡೆಯುತ್ತಿದ್ದ ಕಾಲವಾದ್ದರಿಂದ ಅದು ಅಂಥ ತೊಡಕಾಗಲಿಲ್ಲ ಅಂತ ಕಾಣುತ್ತದೆ. ಸಮುದ್ರದಾಚೆಯ ವರ್ತಕ ಬರೆದ ಹುಂಡಿಯ ಮೇಲೆ ‘ಒಪ್ಪಿದ್ದೇವೆ’ ಎಂದು ಬೇರಿಂಗ್ ಸಹಿ ಬಿದ್ದರೆ ಆ ಕಾಗದ ನಗದಿಗೆ ಸಮ. ಆ ಸಹಿಗೆ ಕಮಿಷನ್ನು. ವರ್ತಕ ಕೈಯೆತ್ತಿದರೆ ಹಣ ಕಟ್ಟಬೇಕಾದವರು ಇವರು. ಆದ್ದರಿಂದ ಯಾರು ನಂಬಿಕಸ್ಥ, ಯಾರು ಅಲ್ಲ ಎಂಬ ತಿಳಿವಳಿಕೆಯೇ ಆ ಮನೆಯ ನಿಜವಾದ ಬಂಡವಾಳ.

ಈ ಫ್ರಾನ್ಸಿಸ್ ಈಸ್ಟ್ ಇಂಡಿಯಾ ಕಂಪನಿಯ ಅಧ್ಯಕ್ಷನಾದದ್ದು 1792ರಲ್ಲಿ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆ ಕಳಿಸಿದ ಶ್ರೀರಂಗಪಟ್ಟಣದ ಒಪ್ಪಂದವೂ ಅದೇ ವರ್ಷದ್ದು. ಆ ಮನೆತನದ ನಂಟು ಅಲ್ಲಿಗೇ ಮುಗಿಯಲಿಲ್ಲ. 1872ರಿಂದ 1876ರವರೆಗೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ನಾರ್ತ್‌ಬ್ರೂಕ್ ಕೂಡ ಒಬ್ಬ ಬೇರಿಂಗ್. ಬಿಹಾರದಲ್ಲಿ ಬರ ಬಿದ್ದಾಗ ಅವನ ಸರ್ಕಾರ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿತು. ವಿಪರೀತ ಖರ್ಚು ಮಾಡಿದನೆಂದು ಅವನನ್ನು ಬೈದರು. ಅವನು ಹೋದ ಮೇಲೆ ಲಿಟನ್ ಕಾಲದಲ್ಲಿ ಬಂದ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸೀಮೆಯ ಸುಮಾರು ಐದರಲ್ಲೊಂದು ಪಾಲು ಜನ ಅಳಿದರು. ಹಾಗಾಗಿ ಆ ಬೈಗುಳ ಅವನ ಪಾಲಿಗೆ ಗೌರವವೇ ಎಂದು ನಾನು ಎಣಿಸುತ್ತೇನೆ.

ಎಲ್ಲಿಂದೆಲ್ಲಿಗೋ ಬಂದೆ. 1803ಕ್ಕೆ ಹೋಗೋಣ. ನೆಪೋಲಿಯನ್ ಲೂಸಿಯಾನಾ ಎಂಬ ಅಪಾರ ಸೀಮೆಯನ್ನು ಅಮೆರಿಕಕ್ಕೆ ಒಂದೂವರೆ ಕೋಟಿ ಡಾಲರಿಗೆ ಮಾರಿದ. ಅಮೆರಿಕದ ಹತ್ತಿರ ಅಷ್ಟು ನಗದಿಲ್ಲ, ಅದು ಕೊಟ್ಟದ್ದು ಶೇಕಡಾ 6 ಬಡ್ಡಿಯ ಬಾಂಡುಗಳನ್ನು. ನೆಪೋಲಿಯನ್ನನಿಗೆ ಬೇಕಾದದ್ದು ಯುದ್ಧಕ್ಕೆ ನಗದು. ನಡುವೆ ನಿಂತವರು ಬೇರಿಂಗ್ಸ್ ಮತ್ತು ಆಮ್ಸ್ಟರ್‌ಡ್ಯಾಮಿನ ಹೋಪ್ ಮನೆಯವರು. ಬಾಂಡುಗಳನ್ನು ಮುಖಬೆಲೆಗಿಂತ ಕಡಿಮೆಗೆ ತಾವು ಕೊಂಡು ಅವನಿಗೆ ಕಂತಿನಲ್ಲಿ ಹಣ ಕಟ್ಟಿದರು. ಅಷ್ಟರಲ್ಲಿ ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧ ಶುರುವಾಗಿತ್ತು. ಲಂಡನ್ನಿನ ಮನೆಯೊಂದು ಲಂಡನ್ನಿನ ಶತ್ರುವಿಗೆ ಹಣ ಹೊಂದಿಸಿತು, ಮೊದಮೊದಲು ಪ್ರಧಾನಿ ಆ್ಯಡಿಂಗ್ಟನ್ನನ ಒಪ್ಪಿಗೆಯೂ ಇತ್ತು. ಆ ನೆಲದಲ್ಲಿ ತಲೆಮಾರುಗಳಿಂದ ಬಾಳಿದ್ದ ಮೂಲನಿವಾಸಿಗಳನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ. ಲೆಕ್ಕದ ದೃಷ್ಟಿಯಿಂದ ಅಚ್ಚುಕಟ್ಟಾದ ಕೆಲಸವೇ, ಆದರೆ ಓದಿದಾಗಲೆಲ್ಲ ನನ್ನ ಮನಸ್ಸಿಗೆ ಕಸಿವಿಸಿ.

ಷೇರು ಮಾರಿಸುವುದರಲ್ಲೂ ಇವರದು ಎತ್ತಿದ ಕೈ. 1886ರಲ್ಲಿ ಗಿನ್ನೆಸ್ ಬಿಯರ್ ಕಂಪನಿಯ ಷೇರು ಬಿಟ್ಟ ದಿನ ಜನ ಮುಗಿಬಿದ್ದು ಬೇರಿಂಗ್ಸ್ ಕಚೇರಿಯ ಬಾಗಿಲು ಮುರಿಯಿತು. ಒಳಗೆ ನುಗ್ಗಲಾಗದವರು ಅರ್ಜಿಯನ್ನು ಕಲ್ಲಿಗೆ ಸುತ್ತಿ ಕಿಟಕಿಯಿಂದ ಎಸೆದರು. ಎಲ್ಲರಿಗೂ ಇಂಥ ಅದೃಷ್ಟವಿರುವುದಿಲ್ಲ. 1993ರಲ್ಲಿ ನಮ್ಮ ಇನ್ಫೋಸಿಸ್ 95 ರೂಪಾಯಿಗೆ ಷೇರು ಬಿಟ್ಟಾಗ ಸಾಕಷ್ಟು ಜನ ಬರಲೇ ಇಲ್ಲ. ಮಾರ್ಗನ್ ಸ್ಟ್ಯಾನ್ಲಿ ಶೇಕಡಾ 13ರಷ್ಟು ಪಾಲು ಕೊಂಡದ್ದರಿಂದ ದಡ ಸೇರಿತು. ಹೊಸ ಕಂಪನಿಯನ್ನು ಯಾರೂ ನಂಬದಿದ್ದಾಗ ನಂಬುವುದು ಈ ಕಸುಬಿನ ಒಳ್ಳೆಯ ಮುಖ.

ನಂಬಬಾರದ್ದನ್ನು ನಂಬುವ ಮುಖವೂ ಇದೆ. ಬೇರಿಂಗ್ಸ್‌ನವರು ಅರ್ಜೆಂಟೀನಾದ ಮೇಲೆ ವಿಪರೀತ ಭರವಸೆ ಇಟ್ಟು, ಬ್ಯೂನಸ್ ಐರಿಸ್ಸಿನ ನೀರು-ಚರಂಡಿ ಯೋಜನೆಯ ಷೇರುಗಳನ್ನು ಕೈಗೆತ್ತಿಕೊಂಡರು. ಕೊಳ್ಳುವವರು ಬರಲಿಲ್ಲ, ಮಾತು ಕೊಟ್ಟಂತೆ ಎಲ್ಲ ಇವರ ತಲೆಗೇ ಬಂತು. 1890ರ ನವೆಂಬರಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ವಿಲಿಯಂ ಲಿಡರ್‌ಡೇಲ್ ಲಂಡನ್ನಿನ ಬ್ಯಾಂಕುಗಳನ್ನೆಲ್ಲ ಒಟ್ಟುಗೂಡಿಸಿ 1 ಕೋಟಿ 70 ಲಕ್ಷ ಪೌಂಡಿನವರೆಗೆ ಜಾಮೀನು ಕೊಡಿಸಿದ. ಫ್ರಾನ್ಸಿನಿಂದ ಚಿನ್ನ ಸಾಲ ತರಿಸಿದ. ಮನೆತನದವರು ಆಸ್ತಿ ಮಾರಿದರು, ಸಾಲಗಾರರಿಗೆ ಹಣ ಸಂದಿತು, ಬೇರಿಂಗ್ಸ್ ಉಳಿಯಿತು.

ನೂರೈದು ವರ್ಷದ ಮೇಲೆ ಉಳಿಯಲಿಲ್ಲ. ನಿಕ್ ಲೀಸನ್ ಎಂಬ ತರುಣ ಸಿಂಗಪುರದಲ್ಲಿ ಜಪಾನಿನ ನಿಕ್ಕೇ ಸೂಚ್ಯಂಕದ ಫ್ಯೂಚರ್ಸ್ ವ್ಯಾಪಾರ ಮಾಡುತ್ತಿದ್ದ. ಕೊಡು-ಕೊಳ್ಳುವುದೂ ಅವನೇ, ಅದರ ಲೆಕ್ಕ ತಾಳೆ ನೋಡುವ ಹಿಂದಿನ ಕಚೇರಿಯೂ ಅವನ ಕೈಕೆಳಗೇ. ನಷ್ಟ ಬಂದದ್ದನ್ನೆಲ್ಲ 88888 ಎಂಬ ಖಾತೆಗೆ ತಳ್ಳಿದ. ಇವೆರಡೂ ಕೆಲಸ ಒಬ್ಬನಲ್ಲೇ ಇರುವುದು ಸರಿಯಲ್ಲವೆಂದು 1994ರಲ್ಲಿ ಬ್ಯಾಂಕಿನ ಒಳಗಿನ ಆಡಿಟ್ಟೇ ಬರೆದಿತ್ತು. ಯಾರೂ ಬೇರ್ಪಡಿಸಲಿಲ್ಲ. ಲಂಡನ್ನು ಕೇಳಿದಷ್ಟು ಹಣ ಕಳಿಸುತ್ತಲೇ ಹೋಯಿತು. ಸೂಚ್ಯಂಕ ಹೆಚ್ಚು ಅಲುಗಾಡುವುದಿಲ್ಲವೆಂದು ಅವನು ಬಾಜಿ ಕಟ್ಟಿದ್ದ, 1995ರ ಜನವರಿ 17ರಂದು ಕೋಬೆಯಲ್ಲಿ ಭೂಕಂಪವಾಯಿತು. ಮಾರುಕಟ್ಟೆ ಏಳುತ್ತದೆಂದು ಮತ್ತೆ ಮತ್ತೆ ಕೊಂಡ, ಅದು ಇಳಿಯಿತು. ನಷ್ಟ 82 ಕೋಟಿ 70 ಲಕ್ಷ ಪೌಂಡ್ ಮುಟ್ಟಿತು.

ನನಗೆ ಸಿಟ್ಟು ಬರುವುದು ಆ ಹುಡುಗನಿಗಿಂತ ಹೆಚ್ಚಾಗಿ ಅವನ ಮೇಲಿನವರ ಮೇಲೆ. ಲೀಸನ್ ಬೇರಿಂಗ್ಸ್ ಸೇರಿದ್ದೇ ಹಿಂದಿನ ಕಚೇರಿಯ ಗುಮಾಸ್ತನಾಗಿ. ಜಕಾರ್ತದಲ್ಲಿ ಗೋಜಲಾಗಿ ಬಿದ್ದಿದ್ದ ಷೇರು ಪತ್ರಗಳನ್ನು ಕೂತು ಬಿಡಿಸಿ ಹೆಸರು ಪಡೆದವನು ಅವನು. ಆ ಮೇಜಿನಲ್ಲಿ ಏನು ಹಿಡಿಯಬಹುದು, ಏನು ಬಚ್ಚಿಡಬಹುದು ಎಂಬುದು ಅವನಿಗೆ ಗೊತ್ತಿತ್ತು. ಇನ್ನೊಬ್ಬರ ಹುಂಡಿಯನ್ನು ಮೂರು ಬಾರಿ ತಿರುಗಿಸಿ ನೋಡಿ ಸಹಿ ಹಾಕುವುದನ್ನೇ ಕಸುಬು ಮಾಡಿಕೊಂಡಿದ್ದ ಮನೆ ತನ್ನದೇ ಲೆಕ್ಕದ ಪುಸ್ತಕವನ್ನು ತೆರೆದು ನೋಡಲಿಲ್ಲವಲ್ಲ!

ಫೆಬ್ರವರಿಯ ಕೊನೆಯ ವಾರಾಂತ್ಯದಲ್ಲಿ ಗವರ್ನರ್ ಎಡ್ಡಿ ಜಾರ್ಜ್ ಕೂಡ ಲಿಡರ್‌ಡೇಲ್‌ನಂತೆಯೇ ಬ್ಯಾಂಕಿನವರನ್ನೆಲ್ಲ ಕೂರಿಸಿದರು. 1890ರಲ್ಲಿ ನಷ್ಟಕ್ಕೊಂದು ಮಿತಿ ಇತ್ತು. ಆಸ್ತಿ ಗಟ್ಟಿಯಾಗಿತ್ತು, ನಗದಾಗಲು ಕಾಲ ಬೇಕಿತ್ತು ಅಷ್ಟೆ. ಈ ಸಲ ಲೀಸನ್ ಬಿಟ್ಟುಹೋದ ಒಪ್ಪಂದಗಳು ಇನ್ನೂ ತೆರೆದೇ ಇದ್ದವು, ಸೋಮವಾರ ಟೋಕಿಯೋ ಮಾರುಕಟ್ಟೆ ಎಷ್ಟು ಇಳಿದರೆ ಅಷ್ಟು ಹೊಸ ನಷ್ಟ. ಕೊನೆ ಕಾಣದ ಮೊತ್ತಕ್ಕೆ ಜಾಮೀನು ನಿಲ್ಲಲು ಯಾರೂ ಒಪ್ಪಲಿಲ್ಲ. ಮಾರ್ಚಿನಲ್ಲಿ ಡಚ್ಚರ ಐಎನ್‌ಜಿ ಸಾಲಸೋಲದ ಸಮೇತ ಬೇರಿಂಗ್ಸನ್ನು 1 ಪೌಂಡಿಗೆ ಕೊಂಡಿತು.