ಕೌರವನ ಎದೆಕವಚ

ವೇಷ ಕಟ್ಟುವ ಹುಚ್ಚು ಮನುಷ್ಯನಿಗೆ ಹೊಸದಲ್ಲ. ಕಾಲಕಾಲಕ್ಕೆ ಅದಕ್ಕೊಂದು ಹೊಸ ಹೆಸರು ಬರುತ್ತದೆ, ಅಷ್ಟೆ. ಚಿತ್ರಕಥೆಗಳ ವೀರರಂತೆ ಉಡುಪು ತೊಟ್ಟು ಮೆರೆಯುವುದಕ್ಕೆ ಈಗಿನ ತರುಣರು ‘ಕಾಸ್‌ಪ್ಲೇ’ ಎನ್ನುತ್ತಾರೆ. 1980ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಶಬ್ದವು ಬೆಂಗಳೂರಿನ ಕಾಮಿಕ್ ಕಾನ್ ಮೇಳವನ್ನು ಹಾದು ನಮ್ಮ ಅಡುಗೆಮನೆಯವರೆಗೂ ಬಂದಿತು. ಅಡುಗೆಮನೆ ಎಂದು ಸುಮ್ಮನೆ ಹೇಳಲಿಲ್ಲ. ಕಾಲೇಜಿಗೆ ಹೋಗುವ ನನ್ನ ಮಗನ ಬಿಸಿಗಾಳಿಯ ಯಂತ್ರಕ್ಕೆ ವಿದ್ಯುತ್ತು ದೊರೆತದ್ದು ನನ್ನ ಮಿಕ್ಸರಿನ ಪಕ್ಕದಲ್ಲಿಯೆ!

ಈ ಕವಚವಿದ್ಯೆ ನೋಡಲು ಸೊಗಸಾದುದು. ಮೈಗೆ ಹಳೆಯ ಬನೀನು ತೊಡಿಸಿ, ಅದರ ಮೇಲೆ ಅಂಟುಪಟ್ಟಿ ಸುತ್ತಿ, ಗೆರೆ ಎಳೆದು ಕತ್ತರಿಸಿದರೆ ದೇಹದ ಅಳತೆ ಕಾಗದದಂತೆ ಬಿಚ್ಚಿಕೊಳ್ಳುತ್ತದೆ. ಅದೇ ಅಳತೆಯಲ್ಲಿ 5 ಅಥವಾ 10 ಮಿಲಿಮೀಟರು ದಪ್ಪದ ಫೋಮ್ ಹಾಳೆಯನ್ನು ಕೊಯ್ದು, ಬಿಸಿಗಾಳಿ ಹಿಡಿದು ಬಗ್ಗಿಸಬೇಕು. ಆರಿದ ಮೇಲೆ ಅದು ಬಗ್ಗಿದಂತೆಯೆ ನಿಲ್ಲುತ್ತದೆ. ಮೇಲೆ ಬಣ್ಣ ಬಳಿದರೆ ಫೋಮು ಉಕ್ಕಾಯಿತು. ಅಂಟಿನ ವಾಸನೆಗೆ ಕಿಟಕಿಗಳನ್ನೆಲ್ಲ ತೆರೆದಿಡಬೇಕೆಂಬುದೊಂದೇ ಗೃಹಿಣಿಯ ಪಾಲಿನ ಕಷ್ಟ.

ಎಲ್ಲವೂ ಆಯಿತು. ಆದರೆ ಯೋಧನು ಖಡ್ಗವೆತ್ತಿದೊಡನೆ ಎದೆಕವಚವೂ ಮೇಲೆದ್ದು ಅವನ ಗದ್ದಕ್ಕೆ ಬಡಿಯುತ್ತಿತ್ತು. ಮೂರು ಬಾರಿ ಕತ್ತರಿಸಿ ಅಂಟಿಸಿದರೂ ಅದೇ ಪಾಡು. ಆಗ ಅವನಿಗೆ ಬನಹಟ್ಟಿಯ ನಮ್ಮ ತವರುಮನೆಯ ಪೆಟ್ಟಿಗೆ ನೆನಪಾಯಿತು. “ಮುತ್ಯಾ ರಾತ್ರಿಯಿಡೀ ಗದೆ ಎತ್ತುತ್ತಿದ್ದನಲ್ಲ? ಅವನ ಕವಚ ಹೇಗಿತ್ತು?” ಎಂದು ಕೇಳಿದ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆ ಆಟಗಳ ಸೀಮೆ. ‘ಶ್ರೀಕೃಷ್ಣ ಪಾರಿಜಾತ’ಕ್ಕೆ ಮನಸೋಲದ ಊರು ಅಲ್ಲಿ ಅಪರೂಪ. ವೀರರ ಕಥೆಗಳಿಗಾದರೆ ದೊಡ್ಡಾಟವೇ ಆಗಬೇಕು. ‘ಗದಾಯುದ್ಧ’ವನ್ನು ಬರೆದ ರನ್ನನು ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆತನದವನು. ಸಾವಿರ ವರ್ಷಗಳ ಮೇಲೆ ಅದೇ ನೆಲದಲ್ಲಿ, ಹಗಲು ಮಗ್ಗದ ಮುಂದೆ ಕುಳಿತು ಸೀರೆ ನೇಯುವ ನಮ್ಮ ತಂದೆಯವರು ಆಟದ ರಾತ್ರಿ ಕೌರವನಾಗುತ್ತಿದ್ದರು. ಕಿರೀಟ, ಭುಜಕೀರ್ತಿ, ಎದೆಕವಚಗಳೆಲ್ಲ ಮನೆಯಲ್ಲಿಯೆ ತಯಾರಾದುವು. ಬೇಗಡೆ, ಕನ್ನಡಿಯ ಚೂರು, ಮಣಿಗಳನ್ನು ಮಾತ್ರ ಪೇಟೆಯಿಂದ ತರುತ್ತಿದ್ದರು.

ಅವರು ತೀರಿಕೊಂಡು 15 ವರ್ಷಗಳಾದುವು. ಆ ಪೆಟ್ಟಿಗೆಯನ್ನು ಅವ್ವ ಬಿಸಿಲಿಗಿಟ್ಟು ಒಳಗಿಡುವುದನ್ನು ಬಿಟ್ಟರೆ ಬೇರೆ ಯಾರೂ ಮುಟ್ಟಿದ್ದಿಲ್ಲ. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಂಥ ಕಡೆ ಕೊಟ್ಟರೆ ಗಾಜಿನ ಹಿಂದೆ ನೂರು ವರ್ಷ ಉಳಿದೀತೆಂದು ಅಣ್ಣ ಹೇಳುತ್ತಲೇ ಇದ್ದ. ನನಗೂ ಅದು ಸರಿಯೆನಿಸಿತ್ತು, ಈಗಲೂ ತಪ್ಪೆನ್ನಲಾರೆ. ಈಗ ಮೊಮ್ಮಗ ಬಂದು, ಹೊಲಿಗೆ ಬಿಚ್ಚದೆ ಒಳಗಿನ ಕಟ್ಟು ತಿಳಿಯದೆಂದು ಪಟ್ಟು ಹಿಡಿದ. ಅಣ್ಣನ ಮುಖ ಕೆಂಪಾಯಿತು. ಅಪ್ಪನ ಕೈಯ ಗುರುತಾಗಿ ಉಳಿದುದು ಅದೊಂದೇ. ಅದನ್ನು ಕತ್ತರಿಗೆ ಕೊಡುವುದೆ?

ಅವ್ವ ಇಬ್ಬರ ಮಾತನ್ನೂ ಕೇಳಿ, ಒಳಗೆ ಹೋಗಿ ತನ್ನದೇ ಕತ್ತರಿ ತಂದಳು. “ನಿಮ್ಮಪ್ಪಾರು ವರ್ಷಾ ಇದನ್ನ ಬಿಚ್ಚಿ ಕಟ್ಟತಿದ್ರು. ಬಿಚ್ಚಿದ್ರ ಕೆಡೂದಲ್ಲ ಇದು. ಬಿಚ್ಚೂ ಕೈ ಇಲ್ಲಂತ ಪೆಟಿಗ್ಯಾಗ ಕುಂತೈತಿ,” ಎಂದು ಮೊದಲ ದಾರವನ್ನು ತಾನೇ ಕತ್ತರಿಸಿದಳು.

ಬೇಗಡೆಯ ಕೆಳಗೆ ಹಳೆಯ ಧೋತರ. ಧೋತರದ ಕೆಳಗೆ, ಸಾಲಾಗಿ ತೂತುಗಳಿದ್ದ ಉದ್ದನೆಯ ರಟ್ಟಿನ ಪಟ್ಟಿಗಳು. ಸೀರೆಯ ಸೆರಗಿಗೆ ಹೂಬಳ್ಳಿಯನ್ನು ಮೂಡಿಸಿ ಸವೆದುಹೋದ ಜಕಾರ್ಡ್ ಮಗ್ಗದ ಪಟ್ಟಿಗಳವು! ನೂಲಿಗೆ ಬಳಿಯುವ ಗಂಜಿಯಿಂದಲೇ ಅವನ್ನು ಒಂದರ ಮೇಲೊಂದು ಅಂಟಿಸಿದ್ದರು. ಪಟ್ಟಿ ಬಿಗಿಯುವಲ್ಲಿ ಮೂರು ಸಾಲು ರಂಧ್ರಗಳಿದ್ದುವು. ಅಪ್ಪನಿಗಿಂತ ಮೊದಲು ಅದನ್ನು ತೊಟ್ಟ ಇಬ್ಬರು ಕೌರವರ ಎದೆಯಳತೆಗಳು ಅವೆಂದು ಅವ್ವ ಹೇಳಿದಳು. ಎಡ ಹೆಗಲಿನ ಒಳಗಡೆ ಬಟ್ಟೆಯದೊಂದು ಪುಟ್ಟ ಮೆತ್ತೆ. ಅದು ಅವಳ ಹೊಲಿಗೆ. ಲಾಳಿ ಎಳೆದೆಳೆದು ನೋಯುತ್ತಿದ್ದ ಭುಜಕ್ಕೆ ಕವಚ ಒತ್ತಬಾರದೆಂದು ಹಾಕಿದ್ದಳಂತೆ.

ಮಗನ ಕಣ್ಣು ನೆಟ್ಟದ್ದು ಮಾತ್ರ ಬೇರೆಡೆಗೆ. ಎದೆಕವಚವು ಹೆಗಲಿನವರೆಗೆ ಹೋಗಿರಲೇ ಇಲ್ಲ! ಕಂಕುಳಿನ ಬಳಿ ಅರ್ಧಚಂದ್ರದಂತೆ ಆಳವಾಗಿ ಕೊರೆದು, ಹೆಗಲಿಗೆ ಬಟ್ಟೆಯ ಪಟ್ಟಿಯನ್ನಷ್ಟೆ ಬಿಟ್ಟಿದ್ದರು. ಆ ಬರಿದಾದ ಜಾಗವನ್ನು ಬೇರೆಯಾಗಿ ಕಟ್ಟುವ ಭುಜಕೀರ್ತಿ ಮೇಲಿನಿಂದ ಮುಚ್ಚುತ್ತಿತ್ತು. ತೋಳೆತ್ತಿದರೆ ಭುಜಕೀರ್ತಿ ಮಾತ್ರ ಏಳುತ್ತದೆ, ಎದೆ ನಿಂತಲ್ಲೇ ನಿಲ್ಲುತ್ತದೆ. “ಕೈ ಮ್ಯಾಲ ಹೋದ್ರ ಕೈಯಷ್ಟ ಹೋಗಬೇಕಪಾ, ಮನಿನೂ ಎದ್ದು ಹೊಂಟ್ರ ಹೆಂಗ?” ಎಂದು ಅವ್ವ ನಕ್ಕಳು. ನಿಜವಾದ ಯುದ್ಧದ ಉಕ್ಕಿನ ಕವಚಗಳನ್ನೂ ಹೀಗೆಯೆ, ಒಂದರ ಮೇಲೊಂದು ಜಾರುವ ತುಂಡುಗಳಾಗಿ ಮಾಡುತ್ತಿದ್ದರು.

ಅಂದು ಮಧ್ಯಾಹ್ನ ಹಳೆಯ ಪತ್ರಿಕೆಯ ಹಾಳೆಗಳ ಮೇಲೆ ಪ್ರತಿಯೊಂದು ತುಂಡಿನ ಅಳತೆಯನ್ನೂ ತೆಗೆದುಕೊಂಡೆವು. ಅಣ್ಣನೇ ಗೆರೆ ಎಳೆದ. ಸಂಜೆಯ ಹೊತ್ತಿಗೆ ಅವ್ವ ಎಲ್ಲವನ್ನೂ ಮೊದಲಿನಂತೆ ಹೊಲಿದು, ಮೆತ್ತೆಯನ್ನು ತಟ್ಟಿ ಸರಿಪಡಿಸಿ, ಪೆಟ್ಟಿಗೆಯನ್ನು ಅಣ್ಣನ ಕಡೆಗೆ ಸರಿಸಿದಳು: “ಅಳತಿ ಉಳೀತಲ್ಲ, ಇನ್ನ ಎಲ್ಲಿ ಬೇಕಾದ್ರೂ ಕೊಡ್ರಿ.” ಹದಿನೈದು ವರ್ಷ ಅವಳು ಯಾವುದಕ್ಕಾಗಿ ಕಾದು ಕುಳಿತಿದ್ದಳೆಂಬುದು ನಮಗಿಬ್ಬರಿಗೂ ಆಗ ತಿಳಿಯಿತು.

ಬೆಂಗಳೂರಿನ ಮೇಳದಲ್ಲಿ ಮಗನ ಖಡ್ಗ ಸಲೀಸಾಗಿ ಮೇಲೆದ್ದಿತು. ಅವನ ಜಪಾನೀ ಯೋಧನ ಎದೆಯೊಳಗೆ ಕೌರವನ ಅಳತೆ ಇದ್ದುದನ್ನು ಅಲ್ಲಿ ಯಾರೂ ಅರಿಯರು. ರಾತ್ರಿ ಫೋನಿನಲ್ಲಿ ಬಹುಮಾನದ ಸುದ್ದಿಯನ್ನಾಗಲಿ ಚಿತ್ರಗಳನ್ನಾಗಲಿ ಅವ್ವ ಕೇಳಲಿಲ್ಲ. “ಹೆಗಲಿಗೆ ಒತ್ತಿತೇನೋ?” ಎಂದಷ್ಟೆ ಕೇಳಿದಳು.