ಗದೆ ಹಿಡಿದ ನಾಗರತ್ನಮ್ಮ

ನಮ್ಮ ಚನ್ನರಾಯಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಅಂದರೆ ಹಬ್ಬ. ಪಾರ್ಟು ಬೇಕಾದವನು ದುಡ್ಡು ಕಟ್ಟಬೇಕು. ಊರಿನವರ ನಾಟಕಕ್ಕೆ ನಾವು ಕೇರಿಯವರು ತಮಟೆ ಬಡಿದೆವು, ಚಪ್ಪರಕ್ಕೆ ಗುಂಡಿ ತೋಡಿದೆವು, ಕೊನೆಯಲ್ಲಿ ಗೋಣಿಚೀಲ ಹಾಸಿಕೊಂಡು ನೋಡಿದೆವು. ಆಮೇಲೆ ಕೇರಿಯವರೇ ಸೇರಿ ನಾಟಕ ಕಟ್ಟಿದೆವು. ಕೂಲಿ ಮಾಡೋನು ಸಾಲ ಮಾಡಿಯಾದರೂ ಒಂದು ರಾತ್ರಿ ದುರ್ಯೋಧನನಾಗಿ ನೆಟ್ಟಗೆ ನಿಂತ. ದಿನಾ ತಲೆ ತಗ್ಗಿಸಿದವನಿಗೇ ಕಿರೀಟದ ತೂಕ ಗೊತ್ತು.

ದ್ರೌಪದಿ ಮಾತ್ರ ಬೇರೆ ಊರಿಂದ ಬರಬೇಕು. ದುಡ್ಡು ಕೊಟ್ಟು ಕರೆಸಿದ ಹೆಣ್ಣುಮಗಳು ಸಾಯಂಕಾಲ ಬಸ್ಸಿಳಿದು, ಬಣ್ಣ ಹಚ್ಚಿ, ಬೆಳಗಾನ ಹಾಡಿ, ಮೊದಲನೇ ಬಸ್ಸಿಗೆ ಹೊರಡುತ್ತಾಳೆ. ಸೀರೆ ಸೆಳೆಯುವ ಸೀನಿಗೆ ಸಿಳ್ಳೆ ಬೀಳುತ್ತವೆ. "ಇವ್ಳು ಎಂಥೋಳ್ಲಾ?" ಅಂತ ಕೇಳುವವರಿದ್ದಾರೆ. ದುಶ್ಯಾಸನನ ಪಾರ್ಟಿನವನು ಎಂಥವನು ಅಂತ ಯಾರೂ ಕೇಳೋದಿಲ್ಲ.

ಆರ್. ನಾಗರತ್ನಮ್ಮನವರನ್ನು ನಾವು ನೆನೆಯಬೇಕಾದ್ದು ಇಲ್ಲೇ. 1926ರಲ್ಲಿ ಹುಟ್ಟಿ, ವೃತ್ತಿ ಕಂಪನಿಗಳಲ್ಲಿ ಪಳಗಿದವರು. ಗಂಡಸರೇ ಹೆಣ್ಣುಪಾರ್ಟು ಮಾಡುತ್ತಿದ್ದ ರಂಗಭೂಮಿ ನಮ್ಮದು. ಗಂಡಸು ಸೀರೆ ಉಟ್ಟರೆ ಕಲೆ, ಹೆಂಗಸು ಬಣ್ಣ ಹಚ್ಚಿದರೆ ಮಾನ ಹೋಯ್ತು! ಈ ನ್ಯಾಯವನ್ನು ನಾಗರತ್ನಮ್ಮ ತಲೆಕೆಳಗು ಮಾಡಿದರು. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಅಲ್ಲಿ ಎಲ್ಲ ಪಾರ್ಟೂ ಹೆಂಗಸರದೇ. ನಾಗರತ್ನಮ್ಮ ಕಂಸನಾದರು, ರಾವಣನಾದರು, ದುರ್ಯೋಧನನಾದರು, 'ಕೃಷ್ಣಗಾರುಡಿ'ಯಲ್ಲಿ ಭೀಮನಾದರು.

ಅಮೆರಿಕದ ನಟಿ ಷಾರ್ಲೆಟ್ ಕುಶ್ಮನ್ 1845ರಲ್ಲೇ ಲಂಡನ್ನಿನಲ್ಲಿ ರೋಮಿಯೋ ಆಗಿ ಹೆಸರಾದರು. ಜೂಲಿಯೆಟ್ ಆದದ್ದು ಅವರ ತಂಗಿ. ಅದು ಪ್ರೇಮಿಯ ಪಾರ್ಟು. ನಾಗರತ್ನಮ್ಮ ಹೊಕ್ಕಿದ್ದು ದಬ್ಬಾಳಿಕೆ ಮಾಡುವವನ ಮೈಯೊಳಕ್ಕೆ. ತಂಗಿಯ ಕೂಸುಗಳನ್ನು ಕೊಂದ ಕಂಸನನ್ನು ಒಬ್ಬ ಹೆಂಗಸು ಆಡಿ ತೋರಿಸಿದಾಗ ಏನಾಗುತ್ತದೆ? ಮೀಸೆ ಅಂಟಿಸಿದ್ದು, ಕಿರೀಟ ಬಣ್ಣದ ಪೆಟ್ಟಿಗೆಯದ್ದು, ದರ್ಪ ಅಭ್ಯಾಸ ಮಾಡಿ ಕಲಿತದ್ದು ಅಂತ ಬಯಲಾಗುತ್ತದೆ. ಕಲಿತು ಬರುವುದು ಹುಟ್ಟಿನಿಂದ ಬಂದದ್ದಲ್ಲ. ಗಂಡಸಿನ ದರ್ಪಕ್ಕೆ ಹೇಗೋ, ಒಡೆಯನ ದರ್ಪಕ್ಕೂ ಹಾಗೇ. ನಮಗೆ ಇದು ಬರೀ ನಾಟಕದ ಮಾತಲ್ಲ.

1992ರಲ್ಲಿ ಅವರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ಪದ್ಮಶ್ರೀ ಬಂದದ್ದು 2012ರಲ್ಲಿ, ಮಂಡಳಿ ಕಟ್ಟಿ 54 ವರ್ಷವಾದ ಮೇಲೆ. ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರು. ದೆಹಲಿ ಗುರುತಿಸಿತು, ಸಂತೋಷ. ನಮ್ಮ ಹಟ್ಟಿ ಗುರುತಿಸಬೇಕಾದ್ದು ಇನ್ನೊಂದಿದೆ.

ನಮ್ಮ ಅಕ್ಕತಂಗಿಯರಿಗೆ ಕುರುಕ್ಷೇತ್ರದ ಮಾತು, ಮಟ್ಟು ಎಲ್ಲ ಬಾಯಿಪಾಠ. ನಾಟಿ ಗದ್ದೆಯಲ್ಲಿ ಅವರ ಗಂಟಲು ಕೇಳಿದವರಿಗೆ ಗೊತ್ತು, ಅದಕ್ಕೆ ಮೈಕು ಬೇಡ. ದ್ರೌಪದಿಯ ಪಾರ್ಟನ್ನೇ ಅವರಿಗೆ ಕೊಡಿ ಅಂತ ನಾವು ಕೇಳುತ್ತಿಲ್ಲ. ಮುಂದಿನ ಸಲ ಪಾರ್ಟು ಹಂಚುವಾಗ ಗದೆಯನ್ನೂ ಅವರ ಮುಂದೆ ಇಡೋಣ. ಯಾರು ಎತ್ತುತ್ತಾರೋ ಎತ್ತಲಿ.